ಸವಾರಶ್ರೇಷ್ಠ ಮೈಕ್ ಹೇಲ್‌ವುಡ್

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಆದರೆ ಆ ಮರದ ನೆರಳಿನಲ್ಲಿಯೇ ಹುಟ್ಟಿ ಬೆಳೆದವನಿಗೆ ಬೇರೊಂದು ಕಷ್ಟವುಂಟು. ಅವನು ಎಷ್ಟೇ ಎತ್ತರಕ್ಕೆ ಬೆಳೆಯಲಿ, ಅದು ಅಪ್ಪನ ಮರದ ಎತ್ತರವೆಂದೇ ಜನ ಹೇಳುತ್ತಾರೆ. ಇಂಗ್ಲೆಂಡಿನ ಮೋಟಾರು ಸೈಕಲ್ ಸವಾರ ಮೈಕ್ ಹೇಲ್‌ವುಡ್ಡನಿಗೆ ಮೊದಲ ದಿನಗಳಲ್ಲಿ ಅಂಟಿಕೊಂಡ ಅಪವಾದ ಇದೇ. ಗ್ರ್ಯಾಂಡ್ ಪ್ರೀ ಪಂದ್ಯಗಳಲ್ಲಿ ಒಂಬತ್ತು ಸಲ ವಿಶ್ವ ಚಾಂಪಿಯನ್ ಆದ ಈತನ ಜೀವನವನ್ನು ಈ ಲೇಖನಕ್ಕೆ ನಾನು ಆರಿಸಿಕೊಂಡುದು ಗಾಡಿಗಳ ಮೇಲಿನ ಮೋಹದಿಂದಲ್ಲ. ಆ ಅಪವಾದಕ್ಕೆ ಆತನು ಕೊಟ್ಟ ಉತ್ತರವೇನು ಎಂಬುದನ್ನು ತಿಳಿಯುವ ಆಸೆಯಿಂದ.

ನನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮಂಥವರು ತರಗತಿಯಲ್ಲಿ ಕುಳಿತಾಗ, ಪಕ್ಕದವನ ಅಂಕಗಳಲ್ಲಿ ಅವನ ಪಾಲೆಷ್ಟು, ಅವನ ಮನೆಯ ಪಾಲೆಷ್ಟು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುವುದುಂಟು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆದರೆ ಲೆಕ್ಕವಂತೂ ನಡೆದೇ ಇರುತ್ತದೆ. ಹೇಲ್‌ವುಡ್ಡನ ಬಾಳಿನಲ್ಲಿ ಈ ಎರಡು ಪಾಲುಗಳೂ ಬೇರೆಬೇರೆಯಾಗಿ ಕಣ್ಣಿಗೆ ಕಾಣುತ್ತವೆ. ಆದ್ದರಿಂದ ಆ ಲೆಕ್ಕವನ್ನು ಅಲ್ಲಿಯೇ ಹಾಕಿ ನೋಡೋಣ.

ಮೈಕ್ ಹುಟ್ಟಿದ್ದು 1940ನೆಯ ಇಸವಿ ಏಪ್ರಿಲ್ 2ರಂದು, ಆಕ್ಸ್‌ಫರ್ಡ್ ಪ್ರಾಂತದ ಗ್ರೇಟ್ ಮಿಲ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಸ್ಟ್ಯಾನ್ ಹೇಲ್‌ವುಡ್ ಎರಡನೆಯ ಮಹಾಯುದ್ಧಕ್ಕೆ ಮುಂಚೆ ತಾನೂ ಪಂದ್ಯಗಳಲ್ಲಿ ಭಾಗವಹಿಸಿದವನು. ಮುಂದೆ ಮೋಟಾರು ಸೈಕಲ್ ವ್ಯಾಪಾರದಲ್ಲಿ ಬಹಳ ಹಣ ಗಳಿಸಿದವನು. ಹುಡುಗನನ್ನು ಪ್ಯಾಂಗ್‌ಬೋರ್ನಿನ ನೌಕಾ ವಿದ್ಯಾಲಯಕ್ಕೆ ಸೇರಿಸಿದರು. ಅಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಓದು ಬಿಟ್ಟು ಕೆಲವು ಕಾಲ ತಂದೆಯ ಅಂಗಡಿಯಲ್ಲಿಯೂ, ಅನಂತರ ಟ್ರಯಂಫ್ ಮೋಟಾರು ಸೈಕಲ್ ಕಾರ್ಖಾನೆಯಲ್ಲಿಯೂ ಕೆಲಸ ಮಾಡಿದನು.

1957ರ ಏಪ್ರಿಲ್ 22ರಂದು, ಹದಿನೇಳು ತುಂಬಿ ಇಪ್ಪತ್ತು ದಿನಗಳಾಗಿದ್ದಾಗ, ಔಲ್ಟನ್ ಪಾರ್ಕ್ ಎಂಬಲ್ಲಿ ಆತನು ಮೊದಲ ಪಂದ್ಯಕ್ಕೆ ಇಳಿದನು. ಬಂದುದು ಹನ್ನೊಂದನೆಯ ಸ್ಥಾನ. ಬಡ ಸವಾರನಾಗಿದ್ದರೆ ಅಂದಿನಿಂದ ಒಂದೇ ಹಳೆಯ ಗಾಡಿಯನ್ನು ತಾನೇ ಬಿಚ್ಚಿ ತಾನೇ ಜೋಡಿಸಿಕೊಂಡು, ಊರಿಂದೂರಿಗೆ ವ್ಯಾನಿನಲ್ಲಿ ಹೇರಿಕೊಂಡು ತಿರುಗಬೇಕಾಗಿತ್ತು. ಮೈಕ್‌ಗೆ ಆ ಪಾಡು ಬರಲಿಲ್ಲ. ಬೇರೆಬೇರೆ ದರ್ಜೆಯ ಪಂದ್ಯಗಳಿಗೆ ಬೇರೆಬೇರೆ ಗಾಡಿ, ಅವುಗಳನ್ನು ನೋಡಿಕೊಳ್ಳಲು ನುರಿತ ಮೆಕ್ಯಾನಿಕ್ಕುಗಳು, ಪತ್ರಿಕೆಗಳಲ್ಲಿ ಪ್ರಚಾರ, ಎಲ್ಲವನ್ನೂ ತಂದೆ ಒದಗಿಸಿದನು. ಎದುರಾಳಿಗಳು ಮೂಗು ಮುರಿದದ್ದರಲ್ಲಿ ಆಶ್ಚರ್ಯವಿಲ್ಲ. ಹಣವಿದ್ದರೆ ಯಾರಾದರೂ ಗೆಲ್ಲಬಹುದು ಎಂಬುದು ಅವರ ವಾದ. ವಾದದಲ್ಲಿ ಅರ್ಧ ಸತ್ಯವಿತ್ತು ಎಂಬುದನ್ನೂ ನಾವು ಒಪ್ಪಬೇಕು. ಹಣವಿಲ್ಲದೆ ಎಷ್ಟು ಮಂದಿ ಮೈಕ್‌ಗಳು ಹಳ್ಳಿಯ ಗ್ಯಾರೇಜುಗಳಲ್ಲಿ ಉಳಿದುಹೋದರೋ ಬಲ್ಲವರಾರು?

ಆದರೆ ಉಳಿದ ಅರ್ಧವನ್ನು ಹಣ ಕೊಳ್ಳಲಾರದು. ಅದಕ್ಕೆ ಸಾಕ್ಷಿ ಐಲ್ ಆಫ್ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ ಪಂದ್ಯ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ಈ ಸಣ್ಣ ದ್ವೀಪದಲ್ಲಿ 1907ರಲ್ಲಿ ಪ್ರಾರಂಭವಾದ ಪಂದ್ಯ ಇದು. ಇದರ ದಾರಿ ಪಂದ್ಯಕ್ಕೆಂದೇ ಕಟ್ಟಿದ ದುಂಡನೆಯ ಬಯಲಲ್ಲ; ಊರ ಜನ ದಿನವೂ ಓಡಾಡುವ ರಸ್ತೆ. ಒಂದು ಸುತ್ತಿಗೆ ಸುಮಾರು 60 ಕಿಲೋಮೀಟರು. ಇಕ್ಕೆಲಗಳಲ್ಲಿ ಕಲ್ಲುಗೋಡೆ, ಮನೆಗಳ ಬಾಗಿಲು, ದೀಪದ ಕಂಬ. ಮುಂದೆ ಮಂಜು ಮುಸುಕುವ ಬೆಟ್ಟದ ದಾರಿ. ಸವಾರರನ್ನು ಒಟ್ಟಿಗೆ ಬಿಡುವುದಿಲ್ಲ. ಕೆಲವು ಸೆಕೆಂಡುಗಳ ಅಂತರದಲ್ಲಿ ಬಿಡುತ್ತಾರೆ. ಆದ್ದರಿಂದ ಹೋರಾಟ ಮುಖ್ಯವಾಗಿ ಗಡಿಯಾರದೊಡನೆ. ಈ ದಾರಿಯಲ್ಲಿ ಇದುವರೆಗೆ ಇನ್ನೂರಕ್ಕೂ ಹೆಚ್ಚು ಸವಾರರು ಪ್ರಾಣ ಬಿಟ್ಟಿದ್ದಾರೆ. ಇಲ್ಲಿ ಪ್ರತಿಯೊಂದು ತಿರುವನ್ನೂ ಸವಾರನು ತಾನೇ ಕಂಠಪಾಠ ಮಾಡಬೇಕು. ಅಪ್ಪನ ಹಣ ಗಾಡಿಯನ್ನು ಗೆರೆಯವರೆಗೆ ತಂದು ನಿಲ್ಲಿಸಬಲ್ಲುದು, ಅಷ್ಟೆ.

1961ರ ಜೂನ್ ತಿಂಗಳಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೇಲ್‌ವುಡ್ ಇಲ್ಲಿ ಒಂದೇ ವಾರದಲ್ಲಿ ಮೂರು ಪಂದ್ಯಗಳನ್ನು ಗೆದ್ದನು. 125 ಮತ್ತು 250 ಸಿ.ಸಿ. ದರ್ಜೆಗಳಲ್ಲಿ ಹೋಂಡಾ, 500 ಸಿ.ಸಿ. ದರ್ಜೆಯಲ್ಲಿ ನಾರ್ಟನ್. ಒಂದೇ ವಾರದಲ್ಲಿ ಮೂರನ್ನು ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ನಾಲ್ಕನೆಯದೂ ಕೈಗೆ ಬಂದಿತ್ತು, 350 ಸಿ.ಸಿ. ಪಂದ್ಯದಲ್ಲಿ ಮುಂದಿದ್ದಾಗ ಎಂಜಿನ್ ಕೆಟ್ಟು ನಿಂತಿತು. ಆ ವರ್ಷವೇ 250 ಸಿ.ಸಿ. ದರ್ಜೆಯ ವಿಶ್ವ ಚಾಂಪಿಯನ್ ಪಟ್ಟವೂ ಬಂದಿತು. ಮುಂದೆ ಇಟಲಿಯ ಎಂ.ವಿ. ಅಗುಸ್ತಾ ಕಂಪನಿಯ ಗಾಡಿಯ ಮೇಲೆ 1962ರಿಂದ 1965ರವರೆಗೆ 500 ಸಿ.ಸಿ. ದರ್ಜೆಯಲ್ಲಿ ಒಂದರ ಹಿಂದೆ ಒಂದರಂತೆ ನಾಲ್ಕು ಪಟ್ಟಗಳು. 1966 ಮತ್ತು 1967ರಲ್ಲಿ ಜಪಾನಿನ ಹೋಂಡಾ ಕಂಪನಿಗಾಗಿ 250 ಮತ್ತು 350 ಎರಡೂ ದರ್ಜೆಗಳಲ್ಲಿ ಪಟ್ಟಗಳು. ಹೀಗೆ ಒಟ್ಟು ಒಂಬತ್ತು. ಗೆದ್ದ ಗ್ರ್ಯಾಂಡ್ ಪ್ರೀ ಪಂದ್ಯಗಳು 76. ಈ ಕಂಪನಿಗಳು ಆತನನ್ನು ಕರೆದದ್ದು ಸ್ಟ್ಯಾನ್ ಹೇಲ್‌ವುಡ್ಡನ ಮಗನೆಂದಲ್ಲ. ಬೇರೆ ಸವಾರರು ಪಳಗಿಸಲಾರದ ಗಾಡಿಯನ್ನು ಈತನು ಪಳಗಿಸುತ್ತಾನೆಂದು.

ಅಂಕಿಗಳಿಗಿಂತ ಎರಡು ಸಂಗತಿಗಳು ಆತನ ಕೆಚ್ಚನ್ನು ಹೆಚ್ಚು ತಿಳಿಸುತ್ತವೆ. 1965ರ ಟೂರಿಸ್ಟ್ ಟ್ರೋಫಿಯ 500 ಸಿ.ಸಿ. ಪಂದ್ಯ ಮಳೆಯಲ್ಲಿ ನಡೆಯಿತು. ಅದೇ ಕಂಪನಿಯ ಕಿರಿಯ ಸವಾರ, ಇಟಲಿಯ ಜಾಕೊಮೊ ಅಗೊಸ್ತಿನಿ ಒಂದು ತಿರುವಿನಲ್ಲಿ ಬಿದ್ದನು. ಅನಂತರದ ಸುತ್ತಿನಲ್ಲಿ ಹೇಲ್‌ವುಡ್ ಸಹ ಅಲ್ಲಿಯೇ ಬಿದ್ದನು. ಮೂಗಿನಿಂದ ರಕ್ತ ಸುರಿಯುತ್ತಿತ್ತು, ಗಾಡಿಯ ಮುಂದಿನ ಗಾಜು ಒಡೆದಿತ್ತು, ಹಿಡಿಕೆ ಸೊಟ್ಟಗಾಗಿತ್ತು. ಸೊಟ್ಟಗಾದುದನ್ನು ಕೈಲಾದಷ್ಟು ನೆಟ್ಟಗೆ ಮಾಡಿ, ಗಾಡಿಯನ್ನು ತಳ್ಳಿ ಚಾಲೂ ಮಾಡಿ, ಮತ್ತೆ ಹೊರಟು ಪಂದ್ಯವನ್ನು ಗೆದ್ದೇಬಿಟ್ಟನು.

ಎರಡನೆಯದು 1967ರ ಪಂದ್ಯ. ಈಗ ಹೇಲ್‌ವುಡ್ ಹೋಂಡಾದ ಮೇಲೆ, ಅಗೊಸ್ತಿನಿ ಎಂ.ವಿ. ಅಗುಸ್ತಾದ ಮೇಲೆ. ಆ ಹೋಂಡಾ ಬಲದಲ್ಲಿ ಆನೆ. ನಡೆಯಲ್ಲಿ ಮಾತ್ರ ಹುಚ್ಚು ಕುದುರೆ. ತಿರುವುಗಳಲ್ಲಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಸಾಲದುದಕ್ಕೆ ವೇಗ ಹೆಚ್ಚಿಸುವ ಹಿಡಿಕೆಯೇ ಸಡಿಲವಾಗಿ ಜಾರತೊಡಗಿತು. ಪೆಟ್ರೋಲಿಗಾಗಿ ನಿಂತಾಗ ಆತನು ಸುತ್ತಿಗೆ ಕೇಳಿ ತೆಗೆದುಕೊಂಡು ಅದನ್ನು ಬಡಿದು ಕೂರಿಸಿದನು. ಅದು ಮತ್ತೆ ಸಡಿಲವಾಯಿತು. ಜಾರುವ ಹಿಡಿಕೆಯನ್ನು ಒತ್ತಿ ಹಿಡಿದುಕೊಂಡೇ ಓಡಿಸಿದನು. ಐದನೆಯ ಸುತ್ತಿನಲ್ಲಿ ಅಗೊಸ್ತಿನಿಯ ಗಾಡಿಯ ಚೈನು ತುಂಡಾಯಿತು, ಗೆಲುವು ಹೇಲ್‌ವುಡ್ಡನದಾಯಿತು. ಆ ದಿನ ಒಂದು ಸುತ್ತಿನಲ್ಲಿ ಆತನು ಮುಟ್ಟಿದ ಸರಾಸರಿ ವೇಗ ಗಂಟೆಗೆ 108.77 ಮೈಲಿ, ಎಂದರೆ ಸುಮಾರು 175 ಕಿಲೋಮೀಟರು. ಆ ದಾಖಲೆಯನ್ನು 1975ರವರೆಗೆ ಯಾರೂ ಮುರಿಯಲಿಲ್ಲ.

1968ರಲ್ಲಿ ಹೋಂಡಾ ಕಂಪನಿ ಗ್ರ್ಯಾಂಡ್ ಪ್ರೀ ಪಂದ್ಯಗಳಿಂದ ಹಿಂದೆ ಸರಿಯಿತು. ಆತನು ಬೇರೆ ಕಂಪನಿಯ ಗಾಡಿ ಏರಿ ಆ ಪಂದ್ಯಗಳಿಗೆ ಹೋಗಬಾರದೆಂದು ಐವತ್ತು ಸಾವಿರ ಪೌಂಡು ಕೊಟ್ಟಿತು. ಒಬ್ಬ ಸವಾರನು ಸುಮ್ಮನಿರಲೆಂದು ಹಣ ಕೊಡುವುದು ಎಂತಹ ಹೊಗಳಿಕೆ! ಬಳಿಕ ಆತನು ಕಾರು ಪಂದ್ಯಗಳತ್ತ ತಿರುಗಿದನು. ಅಲ್ಲಿ ಭಾಗ್ಯ ಅಷ್ಟಾಗಿ ಒಲಿಯಲಿಲ್ಲ. 1972ರಲ್ಲಿ ಯೂರೋಪಿನ ಫಾರ್ಮುಲಾ ಎರಡರ ಚಾಂಪಿಯನ್ ಆದದ್ದು ನಿಜ. ಆದರೆ ಫಾರ್ಮುಲಾ ಒಂದರಲ್ಲಿ ಒಂದು ಗೆಲುವೂ ಬರಲಿಲ್ಲ. 1971ರಲ್ಲಿ ಇಟಲಿಯ ಮೊಂಜಾದಲ್ಲಿ ನಾಲ್ಕನೆಯವನಾಗಿ ಬಂದಾಗ ಗೆದ್ದವನಿಗೂ ಈತನಿಗೂ ಇದ್ದ ಅಂತರ ಒಂದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತಲೂ ಕಡಮೆ.

ಗೆಲುವು ಬಾರದ ಆ ವರ್ಷಗಳಲ್ಲಿಯೇ ಆತನ ಬಾಳಿನ ಅತ್ಯಂತ ದೊಡ್ಡ ಗಳಿಗೆ ಬಂದಿತು. 1973ರ ಮಾರ್ಚ್ 3ರಂದು ದಕ್ಷಿಣ ಆಫ್ರಿಕದ ಕ್ಯಾಲಾಮಿಯಲ್ಲಿ ಪಂದ್ಯ. ಮೂರನೆಯ ಸುತ್ತಿನಲ್ಲಿ ಕಾರುಗಳು ಒಂದಕ್ಕೊಂದು ಬಡಿದವು. ಸ್ವಿಟ್ಜರ್ಲೆಂಡಿನ ಕ್ಲೇ ರೆಗಟ್ಸೋನಿಯ ಕಾರಿಗೆ ಬೆಂಕಿ ಹತ್ತಿಕೊಂಡಿತು. ಆತನು ಪ್ರಜ್ಞೆ ತಪ್ಪಿ ಒಳಗೆ ಸಿಕ್ಕಿಕೊಂಡಿದ್ದನು. ಹೇಲ್‌ವುಡ್ ತನ್ನ ಕಾರಿನಿಂದ ಇಳಿದು ಉರಿಯುವ ಕಾರಿನೊಳಕ್ಕೆ ಬಾಗಿ ಕಟ್ಟಿದ್ದ ಬೆಲ್ಟನ್ನು ಬಿಚ್ಚತೊಡಗಿದನು. ಅವನ ಬಟ್ಟೆಗೇ ಬೆಂಕಿ ತಗುಲಿತು. ದೂರ ಸರಿದು ಆ ಬೆಂಕಿ ಆರಿದ ಕೂಡಲೇ ಮತ್ತೆ ಹಿಂದಿರುಗಿ ಬಂದನು. ರೆಗಟ್ಸೋನಿಯನ್ನು ಎಳೆದು ಹೊರಗೆ ಹಾಕಿದನು. ರೆಗಟ್ಸೋನಿ ಬದುಕಿಕೊಂಡನು. ಈ ಸಾಹಸಕ್ಕಾಗಿ ಬ್ರಿಟಿಷ್ ಸರ್ಕಾರ ಆತನಿಗೆ ಜಾರ್ಜ್ ಪದಕ ನೀಡಿತು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೆಯ ಸಲದ ಹೋಗುವಿಕೆ. ಮೊದಲನೆಯ ಸಲ ಧಾವಿಸುವಾಗ ಮನುಷ್ಯನು ಯೋಚಿಸಿರಲಾರನು. ಎರಡನೆಯ ಸಲ ಹೋಗುವಾಗ ಬೆಂಕಿ ಎಂದರೇನೆಂದು ಅವನ ಮೈಗೆ ಗೊತ್ತಿತ್ತು. ಇದು ತಂದೆಯ ತಿಜೋರಿಯಲ್ಲಿ ಸಿಕ್ಕುವ ಸರಕಲ್ಲ.

1974ರ ಆಗಸ್ಟಿನಲ್ಲಿ ಜರ್ಮನಿಯ ನೂರ್ಬುರ್ಗ್‌ರಿಂಗ್‌ನಲ್ಲಿ ಕಾರು ಅಪಘಾತವಾಗಿ ಬಲಗಾಲು ನುಚ್ಚುನೂರಾಯಿತು. ಕಾರು ಪಂದ್ಯಗಳ ಅಧ್ಯಾಯ ಅಲ್ಲಿಗೆ ಮುಗಿಯಿತು. ಹೆಂಡತಿ ಮಕ್ಕಳೊಡನೆ ನ್ಯೂಜಿಲೆಂಡಿಗೆ ಹೋಗಿ ನೆಲಸಿದನು. ಕುಳಿತು ಉಣ್ಣುವಷ್ಟು ಹಣವಿತ್ತು, ಕೀರ್ತಿಯಿತ್ತು; ಕಾಲು ಮೊದಲಿನಂತೆ ಇರಲಿಲ್ಲ. ಇಂತಹವನು ಮತ್ತೆ ಐಲ್ ಆಫ್ ಮ್ಯಾನಿಗೆ ಬರುವನೆಂದು ಕೇಳಿದಾಗ ಹಲವರಿಗೆ ಭಯವಾಯಿತು. ಹಳೆಯ ಕೀರ್ತಿಗೆ ಮಸಿ ಬಳಿದುಕೊಳ್ಳುವನೋ, ಪ್ರಾಣಕ್ಕೇ ತಂದುಕೊಳ್ಳುವನೋ ಎಂದು.

1978ರ ಜೂನ್ 3ರಂದು, ಮೂವತ್ತೆಂಟನೆಯ ವಯಸ್ಸಿನಲ್ಲಿ, ಹನ್ನೊಂದು ವರ್ಷಗಳ ಬಳಿಕ ಆತನು ಆ ದಾರಿಯಲ್ಲಿ ಟೂರಿಸ್ಟ್ ಟ್ರೋಫಿಗೆ ಹೊರಟನು. ಗಾಡಿ ಇಟಲಿಯ ಡುಕಾಟಿ. ಅದನ್ನು ಅಣಿಗೊಳಿಸಿದ್ದು ಮ್ಯಾಂಚೆಸ್ಟರಿನ ಒಂದು ಸಣ್ಣ ಅಂಗಡಿ. ಎದುರಿಗೆ ಹೋಂಡಾ ಕಂಪನಿಯ ಸ್ವಂತ ಗಾಡಿಯ ಮೇಲೆ ಹಳೆಯ ಪ್ರತಿಸ್ಪರ್ಧಿ ಫಿಲ್ ರೀಡ್. ರೀಡ್ ಐವತ್ತು ಸೆಕೆಂಡು ಮೊದಲು ಹೊರಟಿದ್ದನು. ಹೇಲ್‌ವುಡ್ ಅಷ್ಟನ್ನೂ ತುಂಬಿಕೊಂಡು ದಾರಿಯಲ್ಲಿಯೇ ಅವನನ್ನು ಹಿಡಿದನು. ರೀಡನ ಗಾಡಿ ಕೆಟ್ಟು ನಿಂತಿತು, ಹೇಲ್‌ವುಡ್ ಗೆದ್ದನು. ಒಂದು ಸುತ್ತನ್ನು ಗಂಟೆಗೆ 110 ಮೈಲಿಗೂ ಮೀರಿದ ಸರಾಸರಿಯಲ್ಲಿ ಮುಗಿಸಿದ್ದನು. ಅದು ಯೌವನದಲ್ಲಿ ತಾನೇ ಮಾಡಿದ ದಾಖಲೆಗಿಂತ ಹೆಚ್ಚು. ಮರುವರ್ಷ ಸುಜುಕಿ ಗಾಡಿಯ ಮೇಲೆ 500 ಸಿ.ಸಿ. ಪಂದ್ಯವನ್ನೂ ಗೆದ್ದನು. ಅದು ಆತನ ಹದಿನಾಲ್ಕನೆಯ ಟೂರಿಸ್ಟ್ ಟ್ರೋಫಿ. ಅದೇ ವಾರ ಮತ್ತೊಂದು ಪಂದ್ಯದಲ್ಲಿ ಮೂರೂವರೆ ಸೆಕೆಂಡಿಗೂ ಕಡಮೆ ಅಂತರದಲ್ಲಿ ಸೋತು, ಅಲ್ಲಿಗೆ ಪಂದ್ಯಗಳಿಂದ ನಿವೃತ್ತನಾದನು. ಬರ್ಮಿಂಗ್‌ಹ್ಯಾಮಿನಲ್ಲಿ ಗೆಳೆಯನೊಡನೆ ಕೂಡಿ ಮೋಟಾರು ಸೈಕಲ್ ಅಂಗಡಿ ತೆರೆದನು.

ಇನ್ನು ಬರೆಯಲು ಕೈ ಹಿಂಜರಿಯುತ್ತದೆ. 1981ರ ಮಾರ್ಚ್ 21, ಶನಿವಾರದ ಸಂಜೆ. ಮಗಳನ್ನೂ ಮಗನನ್ನೂ ಕೂರಿಸಿಕೊಂಡು ಮನೆಗೆ ಊಟ ತರಲು ಕಾರಿನಲ್ಲಿ ಹೊರಟಿದ್ದನು. ಮುಂದಿದ್ದ ಲಾರಿಯೊಂದು ತಿರುಗಬಾರದ ಕಡೆ ಅಡ್ಡ ತಿರುಗಿತು. ಒಂಬತ್ತು ವರ್ಷದ ಮಗಳು ಅಲ್ಲಿಯೇ ಅಸುನೀಗಿದಳು. ಮಗ ಗಾಯಗಳೊಡನೆ ಉಳಿದನು. ಹೇಲ್‌ವುಡ್ ಎರಡು ದಿನಗಳ ಬಳಿಕ, ಮಾರ್ಚ್ 23ರಂದು, ಆಸ್ಪತ್ರೆಯಲ್ಲಿ ತೀರಿಕೊಂಡನು. ನಲವತ್ತೊಂದು ತುಂಬಲು ಹತ್ತು ದಿನ ಬಾಕಿಯಿತ್ತು. ಲಾರಿಯವನಿಗೆ ವಿಧಿಸಿದ ದಂಡ ನೂರು ಪೌಂಡು. ಲೋಕದ ಅತ್ಯಂತ ಅಪಾಯದ ದಾರಿಯಲ್ಲಿ ಬದುಕಿ ಬಂದವನು ಸಾಮಾನ್ಯ ರಸ್ತೆಯಲ್ಲಿ ಇನ್ನೊಬ್ಬನ ಅಲಕ್ಷ್ಯಕ್ಕೆ ಬಲಿಯಾದನು. ರಸ್ತೆಯಲ್ಲಿ ನಮ್ಮ ಜಾಣ್ಮೆಯೊಂದೇ ನಮ್ಮನ್ನು ಕಾಯುವುದಿಲ್ಲ. ಎದುರಿಗಿರುವವನ ನಿಯಮಪಾಲನೆಯೂ ಬೇಕು.

ಮೊದಲು ಹಿಡಿದ ಲೆಕ್ಕವನ್ನು ಈಗ ಮುಗಿಸಬೇಕು. ಮೊದಲ ಗಾಡಿ ತಂದೆಯದು, ಇದರಲ್ಲಿ ವಿವಾದವಿಲ್ಲ. 1965ರಲ್ಲಿ ಬಿದ್ದಲ್ಲಿಂದ ಎದ್ದದ್ದು, 1973ರಲ್ಲಿ ಬೆಂಕಿಗೆ ಎರಡನೆಯ ಸಲ ಹೋದದ್ದು, 1978ರಲ್ಲಿ ಮುರಿದ ಕಾಲಿನೊಡನೆ ಬಂದದ್ದು ಮಗನದು, ಇದರಲ್ಲಿಯೂ ವಿವಾದವಿಲ್ಲ. ಒಂದನ್ನು ಒಪ್ಪಿದರೆ ಇನ್ನೊಂದು ಕಡಮೆಯಾಗುವುದಿಲ್ಲ.

ಈ ಮಾತು ಸಿರಿವಂತರ ಮಕ್ಕಳಿಗೆ ಮಾತ್ರ ಸಲ್ಲುವುದಲ್ಲ. ಮನೆಯಲ್ಲಿ ಮೊದಲಿಗರಾಗಿ ಓದುವ ನಾವು ಏನೂ ಪಡೆಯದೆ ಬಂದವರೆಂದು ಹೇಳಿಕೊಳ್ಳುವುದು ವಾಡಿಕೆ. ಅದು ಪೂರ್ತಿ ನಿಜವಲ್ಲ. ಎರಡು ಕೈ ಸಾಲದ ಕೆಲಸದ ಕಾಲದಲ್ಲಿಯೂ ಮಗನನ್ನು ಹೊಲಕ್ಕೆ ಕರೆಯದೆ ಕಾಲೇಜಿಗೆ ಕಳುಹಿಸಿದ ತಂದೆ, ಅಕ್ಷರ ಬಾರದಿದ್ದರೂ ಪುಸ್ತಕವನ್ನು ಎತ್ತರದಲ್ಲಿ ಇಟ್ಟ ತಾಯಿ, ಇವರೂ ನಮಗೊಂದು ಗಾಡಿಯನ್ನು ಗೆರೆಯವರೆಗೆ ತಂದು ನಿಲ್ಲಿಸಿದವರೇ. ಅದು ಹಳೆಯ ಗಾಡಿಯಿರಬಹುದು. ಆದರೆ ಅದನ್ನು ಕೊಳ್ಳಲು ಅವರು ತೆತ್ತದ್ದು ಸ್ಟ್ಯಾನ್ ಹೇಲ್‌ವುಡ್ ತೆತ್ತದ್ದಕ್ಕಿಂತ ಕಡಮೆಯಲ್ಲ. ಇನ್ನು ಕೆಲವೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ನಾವು ಇಲ್ಲಿಂದ ಹೊರಡುತ್ತೇವೆ. ಪಕ್ಕದವನಿಗೆ ಯಾವ ಗಾಡಿ ಸಿಕ್ಕಿತೆಂದು ನೋಡುತ್ತ ನಿಲ್ಲುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಮುಂದಿನ ದಾರಿಯ ತಿರುವುಗಳನ್ನು ಪ್ರತಿಯೊಬ್ಬನೂ ತಾನೇ ಕಲಿಯಬೇಕು.