ಕೆಲಸಗಾರರನ್ನು ಬೆಳೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು

ನಮ್ಮ ಆಡಳಿತ ಮಂಡಳಿ ಸಭೆಯೊಳಗ ನೌಕರರನ್ನು ತರಬೇತಿಗೆ ಕಳಿಸುವ ವಿಷಯ ಬಂತಂದ್ರ ತಕರಾರು ಏಳೋದು ಹೊಸದಲ್ಲ. ಖರ್ಚು ಸಂಘದ್ದು, ಕಲಿತ ಮ್ಯಾಲೆ ಅವ ಬ್ಯಾರೆ ಕಡೆ ಹೋದ್ರ ಏನು ಗತಿ ಎಂದು ನಾವೇ ಒಮ್ಮೆ ವಾದ ಮಾಡಿದ್ದೇವೆ. ನೌಕರರ ಅಳಲು ಬೇರೆ. ತರಬೇತಿ ಮುಗಿಸಿ ಬಂದರೆ ಕೆಲಸ ಹೆಚ್ಚುತ್ತದೆ, ಪಗಾರ ಮಾತ್ರ ಇದ್ದಲ್ಲೇ ಇರುತ್ತದೆ ಎನ್ನುತ್ತಾರೆ. ಬೆಳ್ಳಿಹಬ್ಬದ ಈ ಸಂಚಿಕೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯಲು ಕುಳಿತಾಗ ಈ ಜಗಳವೇ ನೆನಪಾಯಿತು.

1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಸಣ್ಣವರಿದ್ದಾಗಲೇ ತಂದೆಯನ್ನು ಕಳಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿ, ಪುಣೆಯಲ್ಲಿ ಇಂಜಿನಿಯರ್ ಆಗಿ, 1884ರಲ್ಲಿ ಮುಂಬಯಿ ಸರಕಾರದ ನೌಕರಿ ಹಿಡಿದರು. ನಮ್ಮ ರೋಣ, ನರಗುಂದ ಸೀಮೆ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು.

1912ರಿಂದ 1918ರ ತನಕ ಅವರು ಮೈಸೂರಿನ ದಿವಾನರು. ಕನ್ನಂಬಾಡಿ ಅಣೆಕಟ್ಟಿನ ಕಥೆ ಎಲ್ಲರಿಗೂ ಗೊತ್ತು, ಅದನ್ನ ಬಿಡೋಣ. ನಮಗೆ ಹಿಡಿಸಿದ್ದು ಸಾಬೂನಿನ ಕಥೆ. ಮೈಸೂರು ಸ್ಯಾಂಡಲ್ ಸೋಪು ನಮ್ಮ ಹಳ್ಳಿ ಅಂಗಡಿಯೊಳಗೂ ಸಿಗತೈತಿ. ಸಾಬೂನು ಮಾಡಲು ಮೊದಲು ಹೊರಗಿನ ತಜ್ಞರನ್ನು ಕರೆಸಿದರು. ಅಷ್ಟಕ್ಕೇ ಬಿಡದೆ ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ನಮ್ಮವರೇ ಆದ ತರುಣ ರಸಾಯನ ತಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ವಿದ್ಯೆ ಕಲಿಸಿದರು. ಶಾಸ್ತ್ರಿಗಳು ತಿರುಗಿ ಬಂದು ಆ ಸಾಬೂನನ್ನು ತಯಾರು ಮಾಡಿದರು. ಕಳಿಸಿದವರು ಖರ್ಚಿನ ಲೆಕ್ಕ ಹಾಕಿರಲಿಕ್ಕಿಲ್ಲವೇ? ಹಾಕಿಯೇ ಇರುತ್ತಾರೆ, ಆದರೂ ಕಳಿಸಿದರು. ಬಂದವರಿಗೆ ಕಲಿತದ್ದನ್ನು ಮಾಡುವ ಕೆಲಸವನ್ನೂ ಕೊಟ್ಟರು. ನಾವು ಮರೆಯುವುದು ಇದನ್ನೇ.

1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿತ್ತು. ಅದರ ಅಧ್ಯಕ್ಷರಾದ ಅವರು ದುಬಾರಿ ಪರದೇಶಿಯರ ಜಾಗದಲ್ಲಿ ನಮ್ಮವರನ್ನೇ ತಯಾರು ಮಾಡಿ ಕೂಡಿಸಿದರು.

ಒಂದು ಮಾತಿನಲ್ಲಿ ಮಾತ್ರ ನಾವು ಅವರ ಜೊತೆಗಿಲ್ಲ. ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಯೋಗ್ಯತೆ ಕೆಡುತ್ತದೆಂದು ಅವರು ಒಪ್ಪಲಿಲ್ಲ, ದಿವಾನಗಿರಿಯನ್ನೂ ಬಿಟ್ಟರು. ಬಾಗಿಲೇ ತೆಗೆಯದಿದ್ದರ ಒಳಗ ಬಂದು ಕಲಿಯೋರು ಯಾರು ಅಂತ ನಮಗ ಅನಸತೈತಿ.

ಎಂಬತ್ತು ದಾಟಿದ ಮೇಲೂ ಅವರಿಗೆ ಕಸುಬು ಕಲಿಸುವ ಹಂಬಲ ಬಿಡಲಿಲ್ಲ. 1943ರಲ್ಲಿ ಬೆಂಗಳೂರಿನಲ್ಲಿ ಕಸುಬಿನ ಶಿಕ್ಷಣ ಸಂಸ್ಥೆ ಆಯಿತು. ಭದ್ರಾವತಿಯ ದುಡಿಮೆಗೆ ಬರಬೇಕಿದ್ದ ತಮ್ಮ ಹಣವನ್ನು ಅದಕ್ಕೇ ಕೊಡಿಸಿದರು. ಹೆಸರು ಮಾತ್ರ ತಮ್ಮದಲ್ಲ, ಜಯಚಾಮರಾಜೇಂದ್ರ ಒಡೆಯರದ್ದು. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ತೀರಿಕೊಂಡರು.

ಹೋದ ಸಭೆಯೊಳಗ ತರಬೇತಿ ಖರ್ಚಿಗೆ ನಾವೂ ಕೈ ಎತ್ತಿದೆವು. ಪಗಾರದ ಮಾತು ಇನ್ನೂ ಬಾಕಿ ಐತಿ.