ಅಯಸ್ಕಾಂತವಿಲ್ಲದ ಮೋಟಾರು ಮತ್ತು ನಿಕೋಲಾ ಟೆಸ್ಲಾ

ಉಪಾಹಾರಗೃಹದಲ್ಲಿ ಇಡ್ಲಿಯ ಹಿಟ್ಟನ್ನು ರುಬ್ಬುವ ಗ್ರೈಂಡರಿನಲ್ಲಿಯೂ, ಕಚೇರಿಯ ಹಳೆಯ ಫ್ಯಾನಿನಲ್ಲಿಯೂ ಸಾಮಾನ್ಯವಾಗಿ ಇರುವುದು ಇಂಡಕ್ಷನ್ ಮೋಟಾರು. ಅದರೊಳಗೆ ಶಾಶ್ವತ ಅಯಸ್ಕಾಂತದ ಒಂದು ಚೂರೂ ಇಲ್ಲ. ಈ ಉಪಕಾರವನ್ನು ಲೋಕಕ್ಕೆ ಮಾಡಿದವರಲ್ಲಿ ಅಗ್ರಗಣ್ಯನು ನಿಕೋಲಾ ಟೆಸ್ಲಾ.

ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಗ್ರಾಮದಲ್ಲಿ 1856ನೆಯ ಜುಲೈ 10ರಂದು ಸರ್ಬಿಯನ್ ಪಾದ್ರಿಯೊಬ್ಬರ ಮಗನಾಗಿ ಆತನು ಜನಿಸಿದನು. ಗ್ರಾಜ್ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ಯಂತ್ರದ ಬ್ರಷ್ಷುಗಳು ಉಜ್ಜಿ ಕಿಡಿ ಹಾರುವುದನ್ನು ಕಂಡು, ಇವಿಲ್ಲದೆಯೇ ಮೋಟಾರನ್ನು ನಡೆಸಲಾಗದೇ ಎಂದು ಚಿಂತಿಸಿದನು. ಪ್ರಾಧ್ಯಾಪಕರು ಅಸಾಧ್ಯವೆಂದರು. 1882ರಲ್ಲಿ ಬುಡಾಪೆಸ್ಟಿನ ಉದ್ಯಾನದಲ್ಲಿ ಅಡ್ಡಾಡುತ್ತಿದ್ದಾಗ ಉತ್ತರ ಹೊಳೆಯಿತು. ಸುತ್ತಲಿನ ತಂತಿಯ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ತನ್ನು ಒಂದರ ಹಿಂದೊಂದರಂತೆ ಹರಿಸಿದರೆ ಕಾಂತಶಕ್ತಿಯೇ ಸುಳಿಯಂತೆ ಸುತ್ತುವುದು. ನಡುವಿನ ಲೋಹದ ಉರುಳೆಯಲ್ಲಿ ತಾನಾಗಿ ವಿದ್ಯುತ್ತು ಹುಟ್ಟಿ, ಅದೂ ಜೊತೆಯಲ್ಲಿ ತಿರುಗುವುದು. ಇಟಲಿಯ ಗೆಲಿಲಿಯೊ ಫೆರಾರಿಸನೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡನು.

1884ರಲ್ಲಿ ಟೆಸ್ಲಾ ನ್ಯೂಯಾರ್ಕಿಗೆ ಬಂದನು. ಎಡಿಸನ್ನನ ಸಂಸ್ಥೆಯಲ್ಲಿ ಕೆಲವು ಕಾಲ ದುಡಿದು ಹೊರಬಂದನು. ಹೊಟ್ಟೆಪಾಡಿಗಾಗಿ ಕಂದಕ ಅಗೆಯುವ ಕೂಲಿಯನ್ನೂ ಮಾಡಿದನು. 1888ರಲ್ಲಿ ಮೋಟಾರಿಗೆ ಪೇಟೆಂಟು ದೊರೆಯಿತು. ವೆಸ್ಟಿಂಗ್‌ಹೌಸ್ ಕಂಪೆನಿ ಅದರ ಹಕ್ಕನ್ನು ಪಡೆಯಿತು. 1895ರಲ್ಲಿ ನಯಾಗರಾ ಜಲಪಾತದಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ್ದು ಈ ಪರ್ಯಾಯ ಪದ್ಧತಿಯಿಂದಲೇ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಪರ್ಯಾಯ ವಿದ್ಯುತ್ತೇ.

ಸಂಪಾದಿಸಿದ ಹಣವೆಲ್ಲ ಪ್ರಯೋಗಗಳಲ್ಲಿ ಕರಗಿತು. ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಬಾಕಿಗಾಗಿ ಆತನು ತನ್ನ ನಿಸ್ತಂತು ಗೋಪುರದ ಆಸ್ತಿಯನ್ನೇ ಬರೆದುಕೊಟ್ಟನು. ಕಡೆಗಾಲದಲ್ಲಿ ನ್ಯೂಯಾರ್ಕರ್ ಹೋಟೆಲಿನಲ್ಲಿದ್ದಾಗ ಬಾಡಿಗೆಯನ್ನು ವೆಸ್ಟಿಂಗ್‌ಹೌಸ್ ಕಂಪೆನಿಯೇ ತೆತ್ತಿತು. 1943ನೆಯ ಜನವರಿ 7ರಂದು ಅಲ್ಲಿಯೇ ಏಕಾಕಿಯಾಗಿ ತೀರಿಕೊಂಡನು. ಮೊದಲು ಕಂಡವಳು ಕೋಣೆಯ ಪರಿಚಾರಿಕೆ.

ಆತನ ಮೋಟಾರಿಗೂ ಪ್ರತಿಸ್ಪರ್ಧಿಯೊಂದು ಬಂದಿದೆ. 1980ರ ದಶಕದಲ್ಲಿ ನಿಯೋಡಿಮಿಯಮ್ ಎಂಬ ವಿರಳ ಲೋಹದಿಂದ ಪ್ರಬಲವಾದ ಅಯಸ್ಕಾಂತ ಸಿದ್ಧವಾಯಿತು. ಇಂಡಕ್ಷನ್ ಮೋಟಾರು ಕಾಂತಶಕ್ತಿಯನ್ನು ಹುಟ್ಟಿಸಲು ವಿದ್ಯುತ್ತನ್ನು ವ್ಯಯಿಸಬೇಕು. ಒಂದು ಪಾಲು ಶಾಖವಾಗಿ ಹೋಗುತ್ತದೆ. ಅಯಸ್ಕಾಂತದ ಮೋಟಾರಿಗೆ ಆ ಖರ್ಚಿಲ್ಲ. ಗಾತ್ರ ಕಿರಿದು, ತೂಕ ಕಡಿಮೆ. ಟೆಸ್ಲಾನ ಹೆಸರನ್ನು ಹೊತ್ತ ಕಾರುಗಳೂ 2017ರಿಂದ ಅದರತ್ತ ಹೊರಳಿದವು. ಆದರೆ ಅತಿಯಾದ ಕಾವಿಗೆ ಅಯಸ್ಕಾಂತದ ಸತ್ತ್ವ ಕುಂದುತ್ತದೆ. ವಿರಳ ಲೋಹಗಳ ಶುದ್ಧೀಕರಣವೂ ಬಹುಪಾಲು ಚೀನದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಆ ದೇಶ ರಫ್ತಿಗೆ ನಿರ್ಬಂಧ ವಿಧಿಸಿದಾಗ ನಮ್ಮ ವಾಹನ ತಯಾರಕರೂ ಚಿಂತೆಗೀಡಾದರು.

ಹೋಟೆಲಿನ ಲೆಕ್ಕವನ್ನು ತೀರಿಸಲಾರದೆ ಹೋದವನು ಲೋಕಕ್ಕೆ ಬಿಟ್ಟುಹೋದದ್ದು ತಾಮ್ರ, ಅಲ್ಯೂಮಿನಿಯಮ್, ಉಕ್ಕು ಇದ್ದಲ್ಲೆಲ್ಲ ಮಾಡಬಹುದಾದ ಯಂತ್ರ. ಅದಕ್ಕಾಗಿ ವಿರಳ ಲೋಹವುಳ್ಳವರ ಬಾಗಿಲನ್ನು ಯಾರೂ ಕಾಯಬೇಕಾಗಿಲ್ಲ.