ತನ್ನ ಕಣ್ಣನ್ನೇ ಅಳೆದ ಥಾಮಸ್ ಯಂಗ್

ಭೌತಶಾಸ್ತ್ರವನ್ನು ಓದಿದ ಸಹಪಾಠಿಗಳಿಗೆ ಥಾಮಸ್ ಯಂಗನ ಹೆಸರು ಹೊಸತಲ್ಲ. ಎಳೆದ ತಂತಿ ಎಷ್ಟು ಹಿಗ್ಗುವುದೆಂದು ಲೆಕ್ಕ ಹಾಕುವಲ್ಲಿ ಆತನ ಗುಣಾಂಕ ಬರುತ್ತದೆ. ಬೆಳಕು ಅಲೆಯಾಗಿ ಸಾಗುವುದೆಂದು ತಿಳಿಸುವಲ್ಲಿ ಆತನ ಪ್ರಯೋಗ ಬರುತ್ತದೆ. ಕಲಾ ವಿಭಾಗದವನಾದ ನನಗೆ ಆತನ ಪರಿಚಯವಾದದ್ದು ಮಾತ್ರ ನನ್ನ ಕಣ್ಣಿನ ಸಣ್ಣದೊಂದು ದೋಷದ ಮೂಲಕ. ಆ ದೋಷದ ಹೆಸರು ಅಸ್ಟಿಗ್ಮ್ಯಾಟಿಸಂ. ಅದನ್ನು ಮೊದಲು ಕಂಡು, ಅಳೆದು, ಬರೆದಿಟ್ಟವನು ಯಂಗ್. ಕಂಡದ್ದೂ ತನ್ನ ಕಣ್ಣಿನಲ್ಲಿಯೇ.

ಯಂಗನು ೧೭೭೩ನೆಯ ಇಸವಿ ಜೂನ್ ೧೩ರಂದು ಇಂಗ್ಲೆಂಡಿನ ಮಿಲ್ವರ್ಟನ್ ಎಂಬ ಊರಿನಲ್ಲಿ, ಕ್ವೇಕರ್ ಪಂಥದ ಮನೆಯೊಂದರಲ್ಲಿ ಹುಟ್ಟಿದನು. ಹತ್ತು ಮಕ್ಕಳಲ್ಲಿ ಈತನೇ ಹಿರಿಯ. ಎರಡು ವರುಷದ ಹೊತ್ತಿಗೆ ಓದಲು ಕಲಿತನು. ಹದಿನಾಲ್ಕರ ಹೊತ್ತಿಗೆ ಗ್ರೀಕ್, ಲ್ಯಾಟಿನ್ ಮೊದಲಾದ ಹಲವು ಭಾಷೆಗಳನ್ನು ಬಲ್ಲವನಾಗಿದ್ದನು. ಲಂಡನ್, ಎಡಿನ್‌ಬರೊ, ಗಟಿಂಗೆನ್, ಕೇಂಬ್ರಿಜ್ ಎಂದು ಊರಿಂದೂರಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತನು.

ಇಪ್ಪತ್ತು ತುಂಬುವ ಮೊದಲೇ, ೧೭೯೩ರಲ್ಲಿ, ಆತನು ರಾಯಲ್ ಸೊಸೈಟಿಗೆ ಒಂದು ಪ್ರಬಂಧವನ್ನು ಒಪ್ಪಿಸಿದನು. ಕಣ್ಣು ಹತ್ತಿರದ ವಸ್ತುವನ್ನೂ ದೂರದ ವಸ್ತುವನ್ನೂ ಸ್ಪಷ್ಟವಾಗಿ ನೋಡುವುದು ಹೇಗೆ ಎಂಬುದೇ ಅದರ ವಿಷಯ. ಕಣ್ಣಿನೊಳಗಿನ ಮಸೂರವು ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತದೆ ಎಂಬುದು ಆತನ ವಾದ. ಮರುವರುಷ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು. ಅಷ್ಟರಲ್ಲಿ ಬೇರೆ ವಿದ್ವಾಂಸರು, ಬಾಗುವುದು ಮಸೂರವಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಎಂದರು. ಅವರ ಪ್ರಯೋಗಗಳನ್ನು ನಂಬಿ ಯಂಗನು ತನ್ನ ವಾದವನ್ನು ಬಹಿರಂಗವಾಗಿಯೇ ಹಿಂತೆಗೆದುಕೊಂಡನು. ಆದರೆ ಪ್ರಶ್ನೆಯನ್ನು ಬಿಡಲಿಲ್ಲ.

೧೮೦೦ನೆಯ ಇಸವಿ ನವೆಂಬರಿನಲ್ಲಿ ಓದಿ, ಮರುವರುಷ ಅಚ್ಚಾದ ಪ್ರಬಂಧದಲ್ಲಿ ಆತನು ಇದಕ್ಕೆ ಉತ್ತರ ಕೊಟ್ಟನು. ಅದಕ್ಕಾಗಿ ತನ್ನ ಕಣ್ಣುಗುಡ್ಡೆಯನ್ನು ಉಪಕರಣಗಳಿಂದ ಮುಟ್ಟಿ ಅಳೆದುಕೊಂಡನು. ಮುಂದೆ ಚಿಕ್ಕ ಸೂಕ್ಷ್ಮದರ್ಶಕವೊಂದರ ಮಸೂರವನ್ನು ಬಿಚ್ಚಿ, ಅಂಗುಲದ ಐದನೆಯ ಒಂದು ಭಾಗದಷ್ಟು ಆಳದ ಬಳೆಯಲ್ಲಿ ಕೂರಿಸಿ, ಅಂಚಿಗೆ ಮೇಣ ಮೆತ್ತಿ, ಮುಕ್ಕಾಲು ಪಾಲು ನೀರು ತುಂಬಿ, ಕಾರ್ನಿಯಾ ಆ ನೀರಿಗೆ ತಾಗುವಂತೆ ಕಣ್ಣಿಗೆ ಹಿಡಿದುಕೊಂಡನು. ಕಾರ್ನಿಯಾದ ಹಿಂದೆ ಇರುವುದೂ ನೀರಿನಂಥ ದ್ರವವೇ. ಮುಂದೆಯೂ ನೀರು ಬಂದರೆ ಬೆಳಕನ್ನು ಬಾಗಿಸುವ ಅದರ ಶಕ್ತಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹೀಗಿದ್ದೂ ಆತನ ಕಣ್ಣು ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳುತ್ತಲೇ ಇತ್ತು. ಅಂದ ಮೇಲೆ ಆ ಕೆಲಸ ಮಾಡುವುದು ಮಸೂರವೇ ಎಂದು ಆತನ ಮೊದಲಿನ ವಾದ ಗಟ್ಟಿಯಾಯಿತು.

ಇದೇ ಶೋಧನೆಯಲ್ಲಿ ಆ ದೋಷವೂ ಕಂಡಿತು. ಮೇಲೆ ಕೆಳಗೆ ಹರಡುವ ಕಿರಣಗಳು ಹತ್ತು ಅಂಗುಲ ದೂರದ ವಸ್ತುವಿನಿಂದ ಬಂದರೆ ಆತನ ಅಕ್ಷಿಪಟದಲ್ಲಿ ಸರಿಯಾಗಿ ಕೂಡುತ್ತಿದ್ದವು. ಎಡಬಲಕ್ಕೆ ಹರಡುವ ಕಿರಣಗಳು ಏಳು ಅಂಗುಲದಿಂದ ಬಂದರೆ ಮಾತ್ರ ಕೂಡುತ್ತಿದ್ದವು. ಕಣ್ಣೊಂದು, ಅಳತೆ ಎರಡು! ನೀರಿನ ಬಳೆ ಹಿಡಿದಾಗಲೂ ಈ ವ್ಯತ್ಯಾಸ ಹೋಗಲಿಲ್ಲವಾದ್ದರಿಂದ, ತನ್ನ ದೋಷ ಕಾರ್ನಿಯಾದಲ್ಲಿಲ್ಲ, ಒಳಗಿನ ಮಸೂರದಲ್ಲಿದೆ ಎಂದು ಯಂಗನು ತೀರ್ಮಾನಿಸಿದನು. ಕನ್ನಡಕದ ಗಾಜನ್ನು ಓರೆಯಾಗಿ ಹಿಡಿದರೆ ಇದು ಸರಿಹೋಗುವುದೆಂದೂ ತೋರಿಸಿದನು.

ಈ ಭಾಗವನ್ನು ಓದುವಾಗ ನನಗೆ ರೋಮಾಂಚನವಾಯಿತು. ಹೊಳನಗದ್ದೆಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಯಕ್ಷಗಾನದ ಹುಚ್ಚು ನನಗೆ. ಮುಖಕ್ಕೆ ಬಣ್ಣ ಹಚ್ಚಿ, ಕಿರೀಟ ಕಟ್ಟಿ, ಮೇಲೆ ಕನ್ನಡಕ ಹಾಕಲಾದೀತೇ? ಕಾಂಟ್ಯಾಕ್ಟ್ ಲೆನ್ಸ್ ಬೇಕೆಂದು ಅಂಗಡಿಯೊಂದಕ್ಕೆ ಹೋದಾಗ, ನಿನ್ನ ಸಿಲಿಂಡರ್ ಬರೀ ಮುಕ್ಕಾಲು, ಲೆಕ್ಕಕ್ಕಿಲ್ಲವೆಂದು ಸಾದಾ ಲೆನ್ಸನ್ನೇ ಕೊಟ್ಟರು. ರಂಗದ ದೀಪಗಳಿಗೆಲ್ಲ ಬಾಲ ಮೂಡಿದಂತೆ ಕಂಡಿತು. ಮುಂದೆ ಕಣ್ಣಿನ ವೈದ್ಯರೊಬ್ಬರು ಪರೀಕ್ಷಿಸಿ ಕಾರಣ ತಿಳಿಸಿದರು. ಮೆದು ಲೆನ್ಸು ಕಾರ್ನಿಯಾಕ್ಕೆ ಅಂಟಿ ಅದರ ಓರೆಯನ್ನೇ ತಾನೂ ತಾಳುತ್ತದೆ. ಆದ್ದರಿಂದ ಎರಡು ದಿಕ್ಕಿಗೆ ಎರಡು ಪವರ್ ಇರುವ ಟೋರಿಕ್ ಲೆನ್ಸು ಬೇಕು. ಅದು ಕಣ್ಣಿನಲ್ಲಿ ತಿರುಗಿದರೆ ಪ್ರಯೋಜನವಿಲ್ಲ. ತಿರುಗದಿರಲೆಂದು ಕೆಲವು ಲೆನ್ಸುಗಳ ಕೆಳಭಾಗವನ್ನು ದಪ್ಪ ಮಾಡಿರುತ್ತಾರೆ. ಗಟ್ಟಿ ಲೆನ್ಸಾದರೆ ಅದರ ಹಿಂದೆ ಕಣ್ಣೀರು ತುಂಬಿ ಕಾರ್ನಿಯಾದ ಓರೆಯನ್ನು ಮುಚ್ಚುತ್ತದೆ. ಯಂಗನ ನೀರಿನ ಬಳೆ ಮಾಡಿದ್ದೂ ಇದನ್ನೇ! ಆದರೆ ಆತನಂತೆ ಒಳಗಿನ ಮಸೂರದಲ್ಲೇ ದೋಷವಿದ್ದವರಿಗೆ ಸಾದಾ ಗಟ್ಟಿ ಲೆನ್ಸಿನಿಂದ ಆ ದೋಷ ಹೋಗದು. ಯಾರಿಗೆ ಯಾವುದೆಂಬುದನ್ನು ಪರೀಕ್ಷೆಯೇ ಹೇಳಬೇಕು.

ಯಂಗನ ಮುಂದಿನ ಬದುಕು ಸುಗಮವಾಗಿರಲಿಲ್ಲ. ೧೮೦೧ರಲ್ಲಿ ರಾಯಲ್ ಇನ್‌ಸ್ಟಿಟ್ಯೂಶನ್ನಿನ ಪ್ರಾಧ್ಯಾಪಕನಾದರೂ ಎರಡೇ ವರುಷಕ್ಕೆ ಆ ಹುದ್ದೆಯನ್ನು ಬಿಟ್ಟನು. ಆತನ ಉಪನ್ಯಾಸಗಳು ಕೇಳುಗರಿಗೆ ಕಬ್ಬಿಣದ ಕಡಲೆಯಾಗಿದ್ದವಂತೆ. ಬೆಳಕು ಅಲೆಯೆಂದು ಹೇಳಿದ್ದಕ್ಕೆ ಪತ್ರಿಕೆಯೊಂದು ಆತನನ್ನು ಕಟುವಾಗಿ ಹೀಯಾಳಿಸಿತು. ಆತನು ಬರೆದ ಉತ್ತರದ ಕಿರುಹೊತ್ತಿಗೆ ಮಾರಾಟವಾದದ್ದು ಒಂದೇ ಪ್ರತಿಯೆಂದು ಹೇಳುತ್ತಾರೆ. ಮುಂದೆ ಫ್ರಾನ್ಸಿನ ಫ್ರೆನೆಲನ ಶೋಧನೆಗಳಿಂದ ಆ ವಾದ ಮಾನ್ಯವಾಯಿತು. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸುವುದರಲ್ಲೂ ಯಂಗನ ಕೈಯಿದೆ. ೧೮೨೯ನೆಯ ಇಸವಿ ಮೇ ೧೦ರಂದು, ಐವತ್ತಾರು ತುಂಬುವ ಮೊದಲೇ, ಆತನು ತೀರಿಕೊಂಡನು.

ತನ್ನ ದೋಷದಿಂದ ಯಂಗನಿಗೆ ಹೆಚ್ಚಿನ ತೊಂದರೆಯಿರಲಿಲ್ಲ. ಆದ್ದರಿಂದ ಅದಕ್ಕೆಂದೇ ಬೇರೆ ಗಾಜನ್ನು ಮಾಡಿಸುವ ಗೊಡವೆಗೆ ಆತನು ಹೋಗಲಿಲ್ಲ. ಆ ಕೆಲಸ ಕೇಂಬ್ರಿಜಿನ ಜಾರ್ಜ್ ಏರಿಯ ಪಾಲಿಗೆ ಬಂತು. ಏರಿಯ ಎಡಗಣ್ಣು ಓದಲು ಒದಗದಷ್ಟು ಕೆಟ್ಟಿತ್ತು. ೧೮೨೫ರ ಸುಮಾರಿಗೆ ಆತನು ಲೆಕ್ಕ ಹಾಕಿ, ಇಪ್ಸ್‌ವಿಚ್ಚಿನ ಕನ್ನಡಕ ತಯಾರಕನೊಬ್ಬನಿಂದ ಸಿಲಿಂಡರ್ ಗಾಜನ್ನು ಮಾಡಿಸಿ ಹಾಕಿಕೊಂಡನು. ೧೮೮೮ರಲ್ಲಿ ಫಿಕ್ ಎಂಬ ವೈದ್ಯನು ಕಣ್ಣಿಗೆ ತೊಡಿಸುವ ಗಾಜಿನ ಚಿಪ್ಪಿನ ವಿಷಯ ಬರೆದನು. ೧೯೬೧ರಲ್ಲಿ ಜೆಕ್ ವಿಜ್ಞಾನಿ ವಿಕ್ಟರ್ಲೆಯು ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಕಟ್ಟಿದ ಯಂತ್ರದಲ್ಲಿ ಮೆದು ಲೆನ್ಸುಗಳನ್ನು ತಯಾರಿಸಿದನು.

ನಮ್ಮ ಕಡಲತಡಿಯ ಊರುಗಳ ಶಾಲೆಗಳಲ್ಲಿ ಬೋರ್ಡಿನ ಅಕ್ಷರ ಕಾಣದೆ ತಡವರಿಸುವ ಮಗುವನ್ನು ದಡ್ಡನೆನ್ನುವುದನ್ನು ನಾನು ಕೇಳಿದ್ದೇನೆ. ದೋಷ ಬುದ್ಧಿಯಲ್ಲಿಲ್ಲದೆ ಕಣ್ಣಿನಲ್ಲಿದ್ದೀತೆಂದು ಯೋಚಿಸುವವರು ಕಡಿಮೆ. ಓದು ಬರಹ ಬಾರದ ಮನೆಗಳಲ್ಲಿ ಅದನ್ನು ಹೇಳುವವರಾದರೂ ಯಾರು? ಆ ಮನೆಗಳಿಂದ ಬಂದ ನಾವೇ ಹೇಳಬೇಕು. ಮುಕ್ಕಾಲು ಪಾಲಿನ ದೋಷವೂ ದೋಷವೇ. ಅಳೆದು ನೋಡಿದರೆ ಅದಕ್ಕೆ ಪರಿಹಾರವೂ ಉಂಟು. ಯಂಗನ ಬಾಳು ನನಗೆ ಕಲಿಸಿದ ಪಾಠ ಇದು: ಜಗತ್ತನ್ನು ಸರಿಯಾಗಿ ನೋಡಬೇಕೆನ್ನುವವನು ಮೊದಲು ತಾನು ನೋಡುವ ಕಣ್ಣನ್ನೇ ಪರೀಕ್ಷಿಸಿಕೊಳ್ಳಬೇಕು.